ಸಹಾಯ ಬೇಕು: ಔಷಧ ಕಂಪನಿಗೆ ಹೆಸರು ಸಿಗುತ್ತಿಲ್ಲ

ನಮಸ್ಕಾರ ರೀ ಎಲ್ಲರಿಗೂ. ಹುಬ್ಬಳ್ಳಿಯಲ್ಲಿ ನಮ್ಮದು ಔಷಧದ ಹೋಲ್‌ಸೇಲ್ ವ್ಯಾಪಾರ. ನಾನು, ನನ್ನ ತಮ್ಮ ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಲು ಹೊರಟಿದ್ದೇವೆ. ಮಾತ್ರೆ ಬೇರೆಯವರಿಂದ ಮಾಡಿಸಿ ನಮ್ಮ ಹೆಸರಲ್ಲಿ ಮಾರುವ ಆಸೆ.

ಅವ್ವನ ಹೆಸರಿಗೆ 'ಫಾರ್ಮಾ' ಸೇರಿಸಿ ಅರ್ಜಿ ಹಾಕಿದೆವು. ಅದೇ ಹೆಸರಿನ ಕಂಪನಿ ಇದೆ ಅಂತ ವಾಪಸ್ ಬಂತು. ಜೊತೆಗೆ ಕೊಟ್ಟಿದ್ದ ಎರಡನೇ ಹೆಸರಲ್ಲಿ 'ಹುಬ್ಬಳ್ಳಿ' ಸೇರಿಸಿದ್ದೆವು, ಅದೂ ಆಗಲಿಲ್ಲ. ಊರಿನ ಹೆಸರು ಸೇರಿಸಿದರೆ, ಸ್ಪೆಲಿಂಗ್ ಬದಲಿಸಿದರೆ ಬೇರೆ ಹೆಸರು ಆಗಲ್ಲವಂತೆ. 2014ರ ಕಂಪನಿ ನೋಂದಣಿ ನಿಯಮದಲ್ಲೇ ಹಾಗಿದೆ.

ಈಗ ನನ್ನ ತಮ್ಮ ಹೊಸ ಹೆಸರು ಹುಡುಕಿದ್ದಾನೆ. ಆದರೆ ಅದನ್ನೇ ಹೋಲುವ ಟ್ರೇಡ್‌ಮಾರ್ಕ್ 5ನೇ ಕ್ಲಾಸಿನಲ್ಲಿ, ಅಂದ್ರೆ ಔಷಧದ ಕ್ಲಾಸಿನಲ್ಲೇ ಇದೆ. ಹೆಸರು ಸಿಕ್ಕರೂ, ಆ ಮಾಲೀಕರು 3 ವರ್ಷದೊಳಗೆ ದೂರು ಕೊಟ್ಟರೆ ಬದಲಿಸಬೇಕಾಗಬಹುದು. ನನಗೆ ಭಯ ಇರುವುದು ಇಲ್ಲೇ. 2021ರಿಂದ, ನಮ್ಮ ಹಾಗೆ ಬೇರೆಯವರಿಂದ ಮಾಡಿಸಿ ಮಾರುವವರ ಹೆಸರೂ ಲೇಬಲ್ ಮೇಲೆ ಇರಲೇಬೇಕು. ಹೆಸರು ಬದಲಾದರೆ ಮಾತ್ರೆಯ ಸ್ಟ್ರಿಪ್, ಡಬ್ಬಿ ಎಲ್ಲ ಮತ್ತೆ ಅಚ್ಚು ಹಾಕಿಸಬೇಕು. ಪ್ರೆಸ್‌ನವರು ಕೊಟ್ಟ ಡಬ್ಬಿಯ ಪ್ರೂಫ್ ಈಗಲೂ ಗಲ್ಲೆಯ ಮೇಲೇ ಇದೆ, ಅವ್ವ ದಿನಾ ತೆಗೆದು ನೋಡ್ತಾಳೆ.

ಟ್ರೇಡ್‌ಮಾರ್ಕ್ ಮಾಲೀಕರಿಂದ ಒಪ್ಪಿಗೆ ಪತ್ರ ತಂದು ಹೆಸರು ಪಡೆದವರು ಯಾರಾದರೂ ಇದ್ದೀರಾ? ಪತ್ರ ಹೇಗೆ ಬರೆಸಿದಿರಿ? ಹುಬ್ಬಳ್ಳಿ-ಧಾರವಾಡದಲ್ಲಿ ಔಷಧ ಕಂಪನಿಗಳ ಕೆಲಸ ಮಾಡಿರುವ ಕಂಪನಿ ಸೆಕ್ರೆಟರಿ (ಕಂಪನಿ ನೋಂದಣಿ, ಕಾಗದಪತ್ರ ನೋಡಿಕೊಳ್ಳುವವರು) ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಈ ವಾರದಲ್ಲೇ ಅರ್ಜಿ ಹಾಕಬೇಕು.