ಪದಚರ್ಚೆ: 'ಆಲೈ' (ally) ಅನ್ನೋದಕ್ಕೆ ಕನ್ನಡ ಪದ ಬೇಕು (ಫಲಕಕ್ಕೆ, ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ.

ನಮ್ಮೂರ ಶಾಲೆಯಲ್ಲಿ ಒಲಿಂಪಿಕ್ಸ್ ಚಿತ್ರಗಳ ಪ್ರದರ್ಶನ ಇದೆ. ಒಂದು ಫಲಕ ನನ್ನ ಪಾಲಿಗೆ ಬಂದಿದೆ. ಮೆಕ್ಸಿಕೋ ಸಿಟಿ, 1968, 200 ಮೀಟರ್ ಓಟದ ಪದಕ ಸಮಾರಂಭ. ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ರೇಸಿಸಂ ವಿರುದ್ಧ ಕಪ್ಪು ಕೈಗವಸು ತೊಟ್ಟು ಮುಷ್ಟಿ ಎತ್ತಿದ್ದಾರೆ. ಬೆಳ್ಳಿ ಗೆದ್ದ ಬಿಳಿಯ, ಆಸ್ಟ್ರೇಲಿಯಾದ ಪೀಟರ್ ನಾರ್ಮನ್, ಕೈ ಎತ್ತಿಲ್ಲ. ಆದರೆ ಎದೆಯ ಮೇಲೆ ಅವರಿಬ್ಬರು ಹಾಕಿಕೊಂಡಿದ್ದ ಮಾನವ ಹಕ್ಕುಗಳ ಬ್ಯಾಡ್ಜೇ ಇದೆ. ಇಂಗ್ಲಿಷ್ ಬರಹದಲ್ಲಿ ನಾರ್ಮನ್ನರನ್ನು 'ಆಲೈ' ಅಂದಿದ್ದಾರೆ. ಅನ್ಯಾಯ ತನಗೆ ಆಗದಿದ್ದರೂ ಆದವರ ಪರ ನಿಲ್ಲುವವರು ಎಂದು ಅರ್ಥ. 'ಮಿತ್ರ' ಸಪ್ಪೆ. 'ಮಿತ್ರಪಕ್ಷ' ಅಂದರೆ ಚುನಾವಣೆ ನೆನಪಾಗುತ್ತದೆ. ನಾಳೆ ಸಂಜೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು. 'ರೇಸಿಸಂ'ಗೆ 'ವರ್ಣಭೇದ' ಸಾಕಲ್ವಾ?
— ಸು.

ಸಹಪಕ್ಷೀಯ.
— ಕೆ.

ಕೆ. ಅವರೇ, ಅದನ್ನು ಆರನೇ ಕ್ಲಾಸಿನ ಹುಡುಗಿ ಓದಬೇಕು. ಶಾಸನ ಕೆತ್ತುತ್ತಿಲ್ಲ.

'ಒತ್ತಾಸೆ' ಅನ್ನೋ ಪದ ಇದೆ, ಬಳಸಿ. 'ಒತ್ತಿಗೆ ಬಾ' ಅಂದರೆ ಹತ್ತಿರ ಬಾ. ಒತ್ತು ಅಂದರೆ ಪಕ್ಕ. ಪಕ್ಕದಲ್ಲಿ ನಿಂತು ಕೊಡುವ ಬಲವೇ ಒತ್ತಾಸೆ. ನಾರ್ಮನ್ ಮಾಡಿದ್ದೂ ಅದೇ. ಅಚ್ಚಗನ್ನಡ ಇರುವಾಗ ಸಂಸ್ಕ್ರುತದ ಬಾಗಿಲಲ್ಲಿ ಯಾಕೆ ನಿಲ್ಲಬೇಕು? ವರ್ಣಬೇದವೂ ಬೇಡ. 'ಬಣ್ಣದ ತಾರತಮ್ಯ' ಅನ್ನಿ.
— ಗಿ.

ಗಿ. ಅವರು ಮಹಾಪ್ರಾಣ ಕೈಬಿಟ್ಟದ್ದು ಸರಿ, ತಾರತಮ್ಯವನ್ನು ಉಳಿಸಿಕೊಂಡಿದ್ದಾರೆ! ಮತ್ತೆ, ಬಣ್ಣವೇ ವರ್ಣದ ತದ್ಭವ ಸ್ವಾಮಿ. ಎರವಲು ತಂದದ್ದು ಹಳೆಯದಾದರೆ ಅಚ್ಚಗನ್ನಡ, ಹೊಸದಾದರೆ ದಾಸ್ಯ. ಎಷ್ಟು ವರ್ಷಕ್ಕೆ ಮಾಫಿ ಸಿಗುತ್ತೆ ಅಂತ ಒಮ್ಮೆ ಹೇಳಿಬಿಡಿ.

ಒತ್ತಾಸೆ ಕೊಡುವ ಬಲದ ಹೆಸರು, ಕೊಡುವವರ ಹೆಸರಲ್ಲ. 'ಒತ್ತಾಸೆಗಾರ' ಅಂತ ಯಾರೂ ಅನ್ನುವುದಿಲ್ಲ.
— ಕೆ.

ಇಬ್ಬರೂ ಸ್ವಲ್ಪ ನಿಲ್ಲಿ. ಸು., 'ವರ್ಣಭೇದ' ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ, ನಿಜ. ನನಗೆ ಎರಡು ತಕರಾರು. ನಮ್ಮಲ್ಲಿ ವರ್ಣ ಅಂದರೆ ಮೊದಲು ನೆನಪಾಗುವುದು ಚಾತುರ್ವರ್ಣ್ಯ. ಅಮೆರಿಕದ ಮಾತಿಗೆ ಅದು ಸುಮ್ನೆ ಅಡ್ಡ ಬರುತ್ತದೆ. ಎರಡನೆಯದು, ರೇಸಿಸಂ ಬರೀ ಬಣ್ಣದ ಮಾತಲ್ಲ. 2012ರ ಆಗಸ್ಟಿನಲ್ಲಿ ಹಲ್ಲೆಯ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಅಲ್ಲಿ ಬಣ್ಣ ಎಲ್ಲಿತ್ತು? ಮುಖ ನೋಡಿ ಬೇರೆಯವರು ಎಂದು ಗುರುತಿಸುತ್ತಾರೆ ಅನ್ನೋದೇ ಭಯ. ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಇಲ್ಲೇ ಇದ್ದಾರೆ. ಆದರೂ ಪೇಟೆಗೆ ಬಂದರೆ ಯಾವ ದೇಶ ಅಂತ ಕೇಳುತ್ತಾರೆ. 'ಜನಾಂಗಭೇದ' ಬರೆಯಿರಿ.

'ಆಲೈ'ಗೆ ನಾಮಪದದ ಹಟ ಬಿಡಿ. ಕನ್ನಡ ಇಂಥದ್ದನ್ನು ಕ್ರಿಯೆಯಲ್ಲಿ ಹೇಳುತ್ತದೆ. ಬೆನ್ನಿಗೆ ನಿಂತರು, ದನಿಗೂಡಿಸಿದರು.
— ಮಂ.

ಬೆನ್ನಿಗೆ? ಚಿತ್ರ ನೋಡಿ. ನಾರ್ಮನ್ ಮುಂದೆ ನಿಂತಿದ್ದಾರೆ.
— ಗಿ.

ನುಡಿಗಟ್ಟಿಗೆ ಅಳತೆಪಟ್ಟಿ ಹಿಡಿಯಬೇಡಿ. ಬೇಕಾದರೆ 'ಜೊತೆಗೆ ನಿಂತರು' ಅನ್ನಿ. ಸ್ಯಾನ್ ಹೋಸೆ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಸ್ಮಿತ್, ಕಾರ್ಲೋಸ್ ಅವರ ಪ್ರತಿಮೆ ನಿಲ್ಲಿಸಿದರು. ಎರಡನೆಯ ಸ್ಥಾನ ಖಾಲಿ. ಬಂದವರು ಯಾರು ಬೇಕಾದರೂ ಅಲ್ಲಿ ನಿಲ್ಲಲಿ ಎಂದು ನಾರ್ಮನ್ ಅವರೇ ಹಾಗೆ ಬಯಸಿದ್ದರು. ಅವರ ಕೆಲಸವೇ ನಿಲ್ಲುವುದು. ಕೈಗವಸು ಒಂದೇ ಜೊತೆ ಇದ್ದಾಗ ಆಳಿಗೊಂದು ಹಾಕಿಕೊಳ್ಳಿ ಎಂದವರೂ ಅವರೇ ಅಂತಾರೆ. ಮರುವರ್ಷಗಳಲ್ಲಿ ತಮ್ಮ ದೇಶದಲ್ಲೇ ಮೂಲೆಗೆ ಬಿದ್ದರು. 2006ರಲ್ಲಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್, ಕಾರ್ಲೋಸ್ ಇದ್ದರು. ಆಸ್ಟ್ರೇಲಿಯಾದ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ. ಇದನ್ನೂ ಫಲಕದಲ್ಲಿ ಹಾಕಿ, ಜಾಗ ಇದ್ದರೆ.
— ಮಂ.

'ಜನಾಂಗ' ಕೂಡ ಸಂಸ್ಕ್ರುತ.
— ಗಿ.

'ಫ್ಲೆಕ್ಸ್' ಯಾವ ನುಡಿ ಅಂತ ಕೇಳಿಲ್ಲವಲ್ಲ, ಅದೇ ಪುಣ್ಯ.
— ಕೆ.

ಎಲ್ಲರಿಗೂ ವಂದನೆ. ಹೀಗೆ ಕಳಿಸುತ್ತಿದ್ದೇನೆ: "ಜನಾಂಗಭೇದದ ವಿರುದ್ಧ ಮುಷ್ಟಿ ಎತ್ತಿದ ಸ್ಮಿತ್, ಕಾರ್ಲೋಸ್. ಅದೇ ಬ್ಯಾಡ್ಜ್ ತೊಟ್ಟು ಅವರ ಜೊತೆಗೆ ನಿಂತ ಪೀಟರ್ ನಾರ್ಮನ್." 'ಒತ್ತಾಸೆ'ಯನ್ನು ಮೇಲಿನ ಸಾಲಿಗೆ ಇಟ್ಟುಕೊಂಡಿದ್ದೇನೆ, ಗಿ. ಸರ್. ಎರವಲಿನ ಜಗಳಕ್ಕೆ ದಯವಿಟ್ಟು ಬೇರೆ ಎಳೆ ತೆರೆಯಿರಿ.
— ಸು.