ಟೇಬಲ್ ರನ್ನರ್ (ಮೇಜಿನ ಉದ್ದಕ್ಕೆ ಹಾಸುವ ಪಟ್ಟಿ) ಒಳಗೆ ಯಾವ ಬ್ಯಾಟಿಂಗ್ (ಮೇಲ್ಬಟ್ಟೆ, ಅಸ್ತರ್ ನಡುವಿನ ಮೆತ್ತನೆ ಪದರ) ಹಾಕೋದು?

ಸೂಜಿದಾರ:
6 ಅಡಿ ಊಟದ ಮೇಜಿಗೆ 14 × 72 ಇಂಚಿನ ರನ್ನರ್, ಟೀಪಾಯಿಗೆ 30 ಇಂಚು ಚೌಕದ ಟಾಪರ್ (ಮೇಲ್ಹಾಸು) ಹೊಲಿಯಬೇಕು. ಎರಡೂ ಕಾಟನ್, ಟಾಪರ್ ಕಡುನೀಲಿ. ಇಲ್ಲಿನ ಅಂಗಡಿಯಲ್ಲಿ ಸಿಗೋದು 200 ಜಿಎಸ್‌ಎಂ (ಚದರ ಮೀಟರ್‌ಗೆ 200 ಗ್ರಾಂ) ಪಾಲಿಯೆಸ್ಟರ್ ಶೀಟ್ ಮಾತ್ರ. ಆನ್‌ಲೈನ್‌ನಲ್ಲಿ ಕಾಟನ್, 80/20 (80% ಕಾಟನ್, 20% ಪಾಲಿಯೆಸ್ಟರ್) ಎಲ್ಲ ಇದೆ. ರನ್ನರ್ ಮೇಲೆ ಬಿಸಿ ಪಾತ್ರೆ ಇಡ್ತಾರೆ, ವಾರಕ್ಕೊಮ್ಮೆ ಮೆಷಿನ್‌ಗೂ ಹೋಗುತ್ತೆ. ಯಾವುದು ತಗೊಳ್ಳಲಿ? ಮೊದಲೇ ಒಗೆಯಬೇಕಾ?

ಕಚ್ಚುಹೊಲಿಗೆ:
ರನ್ನರ್‌ಗೆ ಆ ಪಾಲಿಯೆಸ್ಟರ್ ಬೇಡ. ಉಬ್ಬು ಜಾಸ್ತಿ, ಹೊಲಿಗೆಗಳ ಮಧ್ಯೆ ದಿಂಬಿನ ಹಾಗೆ ಎದ್ದು ನಿಲ್ಲುತ್ತೆ. ಅದರ ಮೇಲೆ ಉದ್ದ ಕಾಲಿನ ಗ್ಲಾಸ್ ನೆಟ್ಟಗೆ ಕೂರಲ್ಲ. ಇನ್ನು ಶಾಖ: ಪಾಲಿಯೆಸ್ಟರ್ ಕರಗೋದು ಸುಮಾರು 250–260 ಡಿಗ್ರಿಗೆ, ಆದರೆ ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ ಪಾತ್ರೆಯ ತಳದ ಆಕಾರಕ್ಕೆ ಚಪ್ಪಟೆಯಾಗುತ್ತೆ, ಮತ್ತೆ ಏಳಲ್ಲ. ಕಾಟನ್ ಸೆಟ್ಟಿಂಗ್‌ನಲ್ಲಿ ಇಸ್ತ್ರಿ ಒತ್ತಿದರೂ ಅದೇ ಗತಿ.

ನೀಡಲ್-ಪಂಚ್ ಮಾಡಿದ, ಅಂದರೆ ಸೂಜಿಗಳಿಂದ ಚುಚ್ಚಿ ನಾರುಗಳನ್ನು ಹೆಣೆದ, ತೆಳು ಕಾಟನ್ (ಸುಮಾರು 3 ಮಿ.ಮೀ.) ತಗೊಳ್ಳಿ. ಮೇಜಿಗೆ ಅಂಟಿಕೊಂಡ ಹಾಗೆ ಮಲಗುತ್ತೆ, ಅಂಚು ಭಾರಕ್ಕೆ ಚೆನ್ನಾಗಿ ಇಳಿಯುತ್ತೆ. ಟಾಪರ್‌ಗೆ 80/20 ಸಾಕು. ಆದರೆ ಒಲೆಯಿಂದ ಇಳಿಸಿದ ಕುಕ್ಕರನ್ನು ಒಂದು ಪದರ ಕಾಟನ್ ತಡೆಯುತ್ತೆ ಅಂದುಕೊಳ್ಳಬೇಡಿ, ಶಾಖ ದಾಟಿ ಮರದ ಪಾಲಿಶ್ ಬೆಳ್ಳಗಾಗುತ್ತೆ. ಪಾತ್ರೆಯ ಕೆಳಗೆ ಮಣೆ ಇರಲೇಬೇಕು. ಲೋಹದ ಪದರ ಇರೋ ಇನ್ಸುಲೇಟೆಡ್ ಬ್ಯಾಟಿಂಗ್ ಕೂಡ ಬರುತ್ತೆ. ಮುಟ್ಟಿದರೆ ಚರಪರ ಅನ್ನುತ್ತೆ, ಮೈಕ್ರೋವೇವ್‌ಗೆ ಹಾಕುವಂತಿಲ್ಲ. ಅದನ್ನು ಜತೆಗೊಂದು ಪದರ ಕಾಟನ್ ಇಟ್ಟು 9 ಇಂಚಿನ ಬೇರೆ ಪ್ಯಾಡ್‌ಗೆ ಬಳಸಿ, ಇಡೀ ರನ್ನರ್‌ಗಲ್ಲ.

ಬಿಡಿತುಂಡು:
ಕಾಟನ್ ಬ್ಯಾಟಿಂಗ್ ಸಾಮಾನ್ಯವಾಗಿ 3ರಿಂದ 5% ಕುಗ್ಗುತ್ತೆ. 72 ಇಂಚಿಗೆ ಲೆಕ್ಕ ಹಾಕಿದರೆ ಎರಡರಿಂದ ಮೂರೂವರೆ ಇಂಚು. ಹೊಲಿದ ಮೇಲೆ ಒಗೆದರೆ ಮೈತುಂಬ ಸಣ್ಣ ಸುಕ್ಕು. ಹಾಸಿಗೆಯ ಕ್ವಿಲ್ಟ್‌ಗೆ ಅದೇ ಚೆಂದ, ಮೇಜಿನ ಮೇಲೆ ಕೊಳಕಾಗಿ ಕಾಣುತ್ತೆ. ಹಾಗಾಗಿ ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ಹಾಸಿ ಒಣಗಿಸಿ. ಮೇಲ್ಬಟ್ಟೆ, ಅಸ್ತರ್ ಎರಡನ್ನೂ ಮೊದಲೇ ಒಗೆಯಿರಿ. ಒಂದನ್ನು ಬಿಟ್ಟರೆ ಆ ಕಡೆಗೇ ರನ್ನರ್ ಮುದುಡುತ್ತೆ.

ಪ್ಯಾಕೆಟ್ ಮೇಲೆ ಹೊಲಿಗೆಯ ಅಂತರ (ಪದರಗಳನ್ನು ಹಿಡಿದಿಡುವ ಸಾಲುಗಳ ನಡುವೆ ಎಷ್ಟು ಬಿಡಬಹುದು ಅಂತ) ನೋಡಿ. ಕೆಲವಕ್ಕೆ 4 ಇಂಚು, ನಾರು ಹಿಡಿದಿಡಲು ತೆಳು ಬಲೆಪದರ ಇರುವ ಕೆಲವಕ್ಕೆ 10 ಇಂಚಿನವರೆಗೂ ನಡೆಯುತ್ತೆ. ವಾರವಾರ ಒಗೆಯೋದಾದ್ರೆ ಏನೇ ಬರೆದಿರಲಿ, 2–3 ಇಂಚಿಗೊಂದು ಸಾಲು ಹಾಕಿ. ಬಿಡಿಯಾಗಿ ಮಾರೋದನ್ನು ಕಾಟನ್ ಅಂತ ನಂಬೋ ಮೊದಲು ಒಂದು ಎಳೆ ಸುಡಿ: ಕಾಗದದ ವಾಸನೆ ಬಂದು ಬೂದಿಯಾದರೆ ಕಾಟನ್, ಗಟ್ಟಿ ಗುಂಡಾದರೆ ಪಾಲಿಯೆಸ್ಟರ್ ಬೆರೆತಿದೆ.

ಕೌದಿಪೆಟ್ಟಿಗೆ:
ಕಡುನೀಲಿ ಟಾಪರ್ ಬಗ್ಗೆ ಯಾರೂ ಹೇಳಲಿಲ್ಲ. ಬಿಳಿ ಬ್ಯಾಟಿಂಗ್‌ನ ನಾರು ಸೂಜಿ ತೂತಿನಿಂದ ಹೊರಬಂದು ಗಾಢ ಬಟ್ಟೆ ಮೇಲೆ ಬೂಸ್ಟಿನ ಹಾಗೆ ಕಾಣುತ್ತೆ. ಅಗ್ಗದ ಪಾಲಿಯೆಸ್ಟರ್‌ನಲ್ಲಿ ಇದು ಹೆಚ್ಚು. ಕಪ್ಪು ಬ್ಯಾಟಿಂಗ್ ಸಿಕ್ಕರೆ ಸರಿ. ಇಲ್ಲವಾದರೆ ಒತ್ತು ನೇಯ್ಗೆಯ ಬಟ್ಟೆ, ಹೊಸ ಸೂಜಿ. ಹೊರಬಂದ ನಾರನ್ನು ಎಳೆಯಬೇಡಿ, ಇನ್ನಷ್ಟು ಬರುತ್ತೆ, ಕತ್ತರಿಸಿ.

ಬ್ಯಾಟಿಂಗೇ ಬೇಡ ಅನ್ನೋದೂ ಒಂದು ದಾರಿ. ನಮ್ಮ ಕೌದಿಯಲ್ಲಿ ಒಳಗಿರೋದು ಹಳೇ ಸೀರೆ, ಪಂಚೆಯ ಪದರಗಳೇ. ರನ್ನರ್‌ಗೆ ಎರಡು ಪದರ ಹಳೇ ಕಾಟನ್ ಸೀರೆ ಅಥವಾ ಒಂದು ಪದರ ಫ್ಲಾನೆಲ್ ಸಾಕು. ಹಳೇ ಸೀರೆ ಕುಗ್ಗೋದನ್ನೆಲ್ಲ ಆಗಲೇ ಕುಗ್ಗಿ ಮುಗಿಸಿರುತ್ತೆ. ಫ್ಲಾನೆಲ್ ಮಾತ್ರ ಎರಡು ಸಲ ಒಗೆದೇ ಹಾಕಿ.

ಸೂಜಿದಾರ:
ಸರಿ, ರನ್ನರ್‌ಗೆ ಕಾಟನ್ನೇ. ಕಾಟನ್ ತುಂಡುಗಳು ಉಳಿದಿವೆ, ಜೋಡಿಸಬಹುದಾ? ಉದ್ದ ರನ್ನರ್‌ಗಳ ಅಂಚು ಅಲೆಅಲೆಯಾಗೋದು ಯಾಕೆ?

ಬಿಡಿತುಂಡು:
ಜೋಡಿಸಬಹುದು, ಒಂದೇ ದಪ್ಪದವಾದರೆ. ಒಂದರ ಮೇಲೊಂದು ಏರಿಸಬೇಡಿ, ಏಣು ಕಾಣುತ್ತೆ. ಅಂಚಿಗೆ ಅಂಚು ತಾಗಿಸಿ ಅಗಲ ಜಿಗ್‌ಜ್ಯಾಗ್ ಹಾಕಿ. ಅಲೆ ಬರೋದು ಮಧ್ಯೆ ಒತ್ತಾಗಿ ಹೊಲಿದು ಅಂಚನ್ನು ಖಾಲಿ ಬಿಟ್ಟಾಗ, ಇಲ್ಲವೇ ಬ್ಯಾಟಿಂಗನ್ನು ಎಳೆದು ಹಾಸಿದಾಗ. ಸುತ್ತ ಒಂದೂವರೆ ಇಂಚು ಹೆಚ್ಚು ಬಿಟ್ಟು ಕತ್ತರಿಸಿ, ವಾಕಿಂಗ್ ಫುಟ್ (ಪದರಗಳನ್ನೆಲ್ಲ ಒಟ್ಟಿಗೆ ಸಾಗಿಸುವ ಹೊಲಿಗೆ ಯಂತ್ರದ ಪಾದ) ಹಾಕಿ, 3 ಮಿ.ಮೀ. ಟಾಕಾದಲ್ಲಿ ನಡುವಿನಿಂದ ಹೊರಕ್ಕೆ ಬನ್ನಿ. ಬೈಂಡಿಂಗ್ (ಅಂಚು ಮುಚ್ಚುವ ಪಟ್ಟಿ) ಹೊಲಿಯೋವಾಗ ಪಟ್ಟಿ ಎಳೆಯಬೇಡಿ.