ಪದಚರ್ಚೆ: ಪಕ್ಷಪಾತವೋ, ಪಂಕ್ತಿಭೇದವೋ?

ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ಒಂದು ಪದ ಬೇಕಾಗಿದೆ. ಹಿನ್ನೆಲೆ ಹೇಳದೆ ಕೇಳಿದರೆ 'ಪಕ್ಷಪಾತ' ಎಂದು ಹೇಳಿ ಮುಗಿಸಿಬಿಡುತ್ತೀರಿ, ಅದಕ್ಕೇ ತುಸು ಉದ್ದ ಬರೆಯುತ್ತಿದ್ದೇನೆ.

ನಾವೊಂದಿಷ್ಟು ಕ್ರಿಕೆಟ್ ಹುಚ್ಚರು ಸೇರಿ ಕೆಲವು ವರ್ಷ ನಾಲ್ಕು ಪುಟದ ತಿಂಗಳ ಹಾಳೆ ಹೊರಡಿಸುತ್ತಿದ್ದೆವು. ಹೆಸರಿನ ಕೆಳಗೇ 'ಆರ್‌ಸಿಬಿ ಅಭಿಮಾನಿಗಳಿಗಾಗಿ' ಎಂದು ಅಚ್ಚಾಗಿರುತ್ತಿತ್ತು. ಕೊನೆಯ ಪುಟ ಓದುಗರ ಪತ್ರಗಳಿಗೆ. ಈಗ ಹಳೆಯ ಸಂಚಿಕೆಗಳನ್ನೆಲ್ಲ ಒಂದೆಡೆ ಬೈಂಡ್ ಮಾಡಿಸುವ ಯೋಚನೆ ಇದೆ, ಮುನ್ನುಡಿ ನನ್ನ ಕೊರಳಿಗೆ ಬಿದ್ದಿದೆ. ಹುಡುಕುವಾಗ, ಅಚ್ಚು ಹಾಕದೆ ಬಿಟ್ಟ ಪತ್ರಗಳ ರಟ್ಟಿನ ಪೆಟ್ಟಿಗೆಯೂ ಸಿಕ್ಕಿತು. ತೊಂದರೆ ಶುರುವಾದದ್ದು ಅಲ್ಲಿಂದ.

2018ರ ಏಪ್ರಿಲ್. ನಮ್ಮೂರಿನ ಬೌಲರ್ ವಿನಯ್ ಕುಮಾರ್ ಆಗ ಐಪಿಎಲ್‌ನ ಕೋಲ್ಕತ್ತ ತಂಡದಲ್ಲಿದ್ದರು. ಚೆನ್ನೈ ಎದುರು ಕೊನೆಯ ಓವರಿನಲ್ಲಿ 17 ರನ್ ಕಾಯಬೇಕಿತ್ತು, ಆಗಲಿಲ್ಲ. ಅವರನ್ನು ಬೈದು ಬಂದ ಪತ್ರಗಳಲ್ಲಿ ಒಂದನ್ನೂ ನಾವು ಹಾಕಲಿಲ್ಲ. 2013-14, 2014-15ರಲ್ಲಿ ಸಾಲಾಗಿ ಎರಡು ಸಲ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ನಾಯಕ, ಅದೂ ನಮ್ಮೂರವರು, ಕೈ ಬರಲಿಲ್ಲ. ಅದೇ ಹೊತ್ತಿಗೆ ಬೇರೆ ಊರಿನ ಬೌಲರುಗಳನ್ನು ಇನ್ನೂ ಕೆಟ್ಟದಾಗಿ ಜಾಡಿಸಿದ ಪತ್ರಗಳಿಗೆ ದಪ್ಪಕ್ಷರದ ತಲೆಬರಹ ಕೊಟ್ಟಿದ್ದೇವೆ. ಪೆಟ್ಟಿಗೆಯಲ್ಲಿದ್ದ ಒಂದು ಪತ್ರ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯ ಚೀಟಿಯ ಬೆನ್ನಿಗೆ ಬರೆದದ್ದು. ಮುಂದೆ ಚೀಲದ ಲೆಕ್ಕ, ಹಿಂದೆ ಒಂದೇ ಸಾಲು: 'ನಮ್ಮೋರು ಹೊಡೆಸಿಕೊಂಡ್ರೆ ದುರದೃಷ್ಟ, ಬ್ಯಾರೆಯೋರು ಹೊಡೆಸಿಕೊಂಡ್ರೆ ದಂಡಪಿಂಡ, ಇದು ಯಾವ ನ್ಯಾಯ ಸ್ವಾಮಿ?' ಅದನ್ನೂ ಹಾಕಿರಲಿಲ್ಲ.

ಇದನ್ನು ಮುನ್ನುಡಿಯಲ್ಲಿ ಒಪ್ಪಿಕೊಳ್ಳಬೇಕು. 'ನಮ್ಮಿಂದ ಪಕ್ಷಪಾತ ಆಗಿದೆ' ಎಂದು ಬರೆದೆ, ಹೊಡೆದುಹಾಕಿದೆ. ಪಕ್ಷ ಎಂದರೆ ರೆಕ್ಕೆ, ಮಗ್ಗುಲು. ಪಾತ ಎಂದರೆ ಬೀಳುವುದು. ಒಂದು ಮಗ್ಗುಲಿಗೆ ಬೀಳುತ್ತೇವೆಂದು ಮೊದಲೇ ಸಾರಿಕೊಂಡವರು ಬಿದ್ದರೆ ಅದೆಂಥ ತಪ್ಪೊಪ್ಪಿಗೆ? ಅಂಪೈರು ವಾಲಿದರೆ ಪಕ್ಷಪಾತ. ಅಭಿಮಾನಿಗೆ ವಾಲುವುದೇ ಕಸುಬು. ಸಂಸ್ಕೃತದಲ್ಲಿ ಗುಣಪಕ್ಷಪಾತಿ ಎಂದರೆ ಬೈಗುಳವೇ ಅಲ್ಲ. 'ಪೂರ್ವಗ್ರಹ' (ಪೂರ್ವಾಗ್ರಹ ಎಂದು ಬರೆಯುವವರೂ ಇದ್ದಾರೆ, ಆ ಜಗಳ ಇನ್ನೊಂದು ದಿನಕ್ಕಿರಲಿ) ಕೂಡ ಕೂರುವುದಿಲ್ಲ. ಅದು ನೋಡುವ ಮೊದಲೇ ತೀರ್ಮಾನಿಸಿದ್ದು. ನಾವು ಕೊನೆಯ ಚೆಂಡಿನವರೆಗೂ ನೋಡಿಯೇ ಕೆಟ್ಟವರು. 'ಒಲವು' ತೀರಾ ಮೆತ್ತಗಾಯಿತು. 'ದುರಭಿಮಾನ' ಹತ್ತಿರ ಬರುತ್ತದೆ, ಆದರೆ ಅದು ಮನಸ್ಸಿನ ರೋಗದ ಹೆಸರು, ಕೈ ಮಾಡಿದ ಕೆಲಸದ್ದಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನೋಣವೆಂದರೆ, ನಮ್ಮೂರಲ್ಲಿ ಬೆಣ್ಣೆ ಅಂದಕೂಡಲೇ ದೋಸೆ ನೆನಪಾಗುತ್ತದೆ, ಕಣ್ಣಲ್ಲ.

ಚೀಟಿಯನ್ನು ಅವ್ವನಿಗೆ ಓದಿ ಹೇಳಿದೆ. ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಮೊರದಿಂದ ಕಣ್ಣೆತ್ತದೆ ಅಂದಳು: 'ನಿನ್ನ ಮನಿಯಾಗ ನಿನ್ನ ಮಗನ ತಾಟಿಗೆ ಎಲ್ಡು ಮಿಳ್ಳಿ ತುಪ್ಪ ಜಾಸ್ತಿ ಹಾಕ್ಕ, ಯಾರು ಕೇಳ್ತಾರ? ಊರ ಮಂದೀನ ಕರೆದು ಸಾಲಾಗಿ ಕುಂದ್ರಿಸಿ ಹಂಗ ಮಾಡಿದ್ರ ಅದು ಪಂಕ್ತಿಭೇದ ನೋಡಪ.'

ಒಮ್ಮೆಲೇ ಬಿಡಿಸಿಕೊಂಡಿತು. ನಾವು ಬರೆದ ಮೂರು ಪುಟ ನಮ್ಮ ಮನೆಯ ತಾಟು, ಅಲ್ಲಿ ಎಷ್ಟು ವಾಲಿದರೂ ನಡೆದೀತು. ಕೊನೆಯ ಪುಟ ಮಾತ್ರ ಪಂಕ್ತಿ. 'ನಿಮ್ಮ ಅಭಿಪ್ರಾಯ ಬರೆಯಿರಿ' ಎಂದು ಕರೆದು ಕೂರಿಸಿದ್ದೇ ನಾವು. ಎರಡಕ್ಕೂ ಒಂದೇ ಪದ ಹುಡುಕುತ್ತಿದ್ದುದರಿಂದ ಇಷ್ಟು ದಿನ ಯಾವುದೂ ಹೊಂದಿರಲಿಲ್ಲ.

ಆದರೂ ಅಳುಕಿದೆ. ಪಂಕ್ತಿಭೇದ ಎನ್ನುವ ಪದಕ್ಕೆ ಜಾತಿಯ ಕಹಿ ಅಂಟಿದೆ. ಎಲೆಯ ಮುಂದಿಂದ ಎಬ್ಬಿಸಿದ, ಬೇರೆ ಸಾಲಿಗೆ ಕಳಿಸಿದ ನೆನಪು ಎಷ್ಟೋ ಮನೆಗಳಲ್ಲಿ ಇನ್ನೂ ಹಸಿ. ಚಿತ್ರದುರ್ಗದ ಗೆಳೆಯರೊಬ್ಬರಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮಜ್ಜನ್ನ ಎಬ್ಬಿಸಿದ್ರು ಸರ್, ಕ್ರಿಕೆಟ್ಟಿಗೆಲ್ಲ ಆ ಪದ ಬ್ಯಾಡ' ಎಂದರು. ಎದುರು ಮಾತು ಹೊಳೆಯಲಿಲ್ಲ. ಊಟದ ಸಾಲಿನ ಆಚೆಗೆ, ಸಂಬಳ, ಸೈಟು ಹಂಚಿಕೆ, ಶಾಲೆಯ ಅಂಕದಂಥ ಮಾತಿನಲ್ಲಿ ಈ ಪದ ಬಳಸಿದ್ದನ್ನು ನೀವು ಕೇಳಿದ್ದೀರಾ? ಕೇಳಿದ್ದರೆ ಯಾರ ಬಾಯಲ್ಲಿ ಎಂಬುದೂ ನನಗೆ ಮುಖ್ಯ.

ಜೊತೆಗೆ ಇನ್ನೊಂದು ಚಿಕ್ಕ ಪ್ರಶ್ನೆ. ಪತ್ರಗಳಲ್ಲಿನ ಹೊಲಸು ಬೈಗುಳ ತೆಗೆದು ಉಳಿದದ್ದನ್ನು ಹಾಗೇ ಹಾಕುವ ಕೆಲಸಕ್ಕೆ ಮುನ್ನುಡಿಯಲ್ಲಿ 'ಪರಿಷ್ಕರಣೆ' ಎಂದಿದ್ದೇನೆ. ಸರ್ಕಾರಿ ವಾಸನೆ ಬರುತ್ತಿದೆ. ಅವ್ವನ 'ಹಸನು ಮಾಡು' ಇಡೋಣ ಅನಿಸಿದೆ; ನಮ್ಮ ಕಡೆ ಹೊಲಕ್ಕೂ ಕಾಳಿಗೂ ಅದೇ ಮಾತು. ಮೈಸೂರು, ಮಂಗಳೂರು ಕಡೆಯವರಿಗೆ ಇದು ಸಲೀಸಾಗಿ ತಿಳಿಯುತ್ತದೆಯೇ, ಇಲ್ಲ ನೀವು ಅಕ್ಕಿಗೆ ಬೇರೆ ಏನಾದರೂ ಅನ್ನುತ್ತೀರಾ?